ಗಾಯಕ್ಕಿಂತ ಮೊದಲು ಬಂದ ಮದ್ದು

ಗಾಯವಾಗುವುದಕ್ಕೆ ಮೊದಲೇ ಮದ್ದು ಬಂದರೆ ಸಂತೋಷಪಡುವವರು ಸಜ್ಜನರು. ನನಗೆ ಅನುಮಾನ ಬರುತ್ತದೆ. ಸಾಗರದ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ವರ್ಷಕ್ಕೆ ಎರಡು ಸಲ ಪರೀಕ್ಷಾ ಕೊಠಡಿಯಲ್ಲಿ ನಿಂತು ನಕಲು ಹುಡುಕುತ್ತೇನೆ, ಉಳಿದ ದಿನಗಳಲ್ಲಿ ಆ ಅಭ್ಯಾಸವೇ ನನ್ನನ್ನು ಹುಡುಕಿಕೊಂಡು ಬರುತ್ತದೆ. ಹೀಗಿರುವವನು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ಕಂಪ್ಯೂಟರಿನೊಳಗಿನ ಮಾಯಾರಾಜ್ಯದಲ್ಲಿ ಗುರಾಣಿ ಹಿಡಿದು ರಾಕ್ಷಸರೆದುರು ನಿಲ್ಲುತ್ತಾನೆಂದರೆ ನೀವು ನಂಬಲಿಕ್ಕಿಲ್ಲ. ನಂಬದಿರುವುದು ಒಳ್ಳೆಯ ಗುಣವೇ.

ನಮ್ಮದೊಂದು ಗಿಲ್ಡ್ ಇದೆ, ಅಂದರೆ ಒಟ್ಟಾಗಿ ದಾಳಿಗೆ ಹೋಗುವ ಬಳಗ. ನಾಯಕಿ ವನಜಾಕ್ಷಿ, ತೀರ್ಥಹಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟವರು. ಕೌಂಟರಿನ ಹಿಂದೆ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಆಜ್ಞೆ ಕೊಡುವ ಅವರ ಚಿತ್ರ ನನ್ನ ಮನಸ್ಸಿನಲ್ಲಿ ಸ್ಪಷ್ಟವಾಗಿದೆ. ಆದರೆ ನಾನು ಆ ಅಂಗಡಿಯನ್ನಾಗಲಿ ಅವರನ್ನಾಗಲಿ ಎಂದೂ ಕಂಡವನಲ್ಲ, ಕನ್ನಡಕವನ್ನು ನನ್ನ ನೆನಪೇ ಕೊಂಡು ತಂದು ಅವರಿಗೆ ತೊಡಿಸಿದೆ. ಬಾಣ ಬಿಡುವವನು ಕಾರ್ಗಲ್ಲಿನ ಮಂಜ. ಗಾಯ ವಾಸಿಮಾಡುವ ವೈದ್ಯ ಹೊಸನಗರದ ಪ್ರಭಾಕರ, ತೋಟಗಳಿಗೆ ನೀರಿನ ಪೈಪು ಮಾರುವವನು. ಮುಂದೆ ನಿಂತು ಏಟು ತಿನ್ನುವುದು ನನ್ನ ಕೆಲಸ. ನಾನು ಸತ್ತರೆ ಎಲ್ಲರೂ ಸಾಯುತ್ತಾರೆ. ನಾನು ಸಾಯದಂತೆ ನೋಡಿಕೊಳ್ಳುವುದು ಪ್ರಭಾಕರನ ಕೆಲಸ.

ಈ ಪ್ರಭಾಕರನಲ್ಲಿ ಇಬ್ಬರಿದ್ದರು. ಒಬ್ಬ ಮೈಕ್ ಹಾಕಿಕೊಂಡು ಲೋಕದ ಸುದ್ದಿಯನ್ನೆಲ್ಲ ಹೇಳುತ್ತ ನಗಿಸುತ್ತಿದ್ದ, ಅವನ ಮದ್ದು ಮಾತ್ರ ಶ್ರದ್ಧಾಂಜಲಿಯ ಹೊತ್ತಿಗೆ ತಲುಪುತ್ತಿತ್ತು. ಇನ್ನೊಬ್ಬ ‘ಮೈಕ್ ಹಾಳಾಗಿದೆ’ ಎಂದು ಬರೆದು ಸುಮ್ಮನಾಗುತ್ತಿದ್ದ. ಅವನ ಮದ್ದು ರಾಕ್ಷಸನ ಕೈ ಮೇಲೇಳುವಾಗಲೇ ನನ್ನ ಮೈಮೇಲೆ ಬಿದ್ದಿರುತ್ತಿತ್ತು. ಉತ್ತರಪತ್ರಿಕೆಯ ಮೇಲೆ ಒಂದೇ ಹೆಸರು, ಒಳಗೆ ಎರಡು ಬಗೆಯ ಕೈಬರಹ. ಮೇಷ್ಟ್ರಿಗೆ ಇನ್ನೇನು ಬೇಕು? ತನ್ನ ಆಟದ ಖಾತೆಯನ್ನು ಯಾರಿಗೋ ಮಾರಿದ್ದಾನೆ ಎಂದು ತೀರ್ಮಾನಿಸಿದೆ. ಹಾಗೆ ಖಾತೆ ಕೊಂಡವನೊಬ್ಬ ಬೇರೊಂದು ಬಳಗದ ಭಂಡಾರವನ್ನೇ ಬಳಿದುಕೊಂಡು ಹೋದನೆಂದು ಕೇಳಿದ್ದೆ. ಯಾರಿಂದ ಕೇಳಿದ್ದೆಂದು ಮಾತ್ರ ಕೇಳಬೇಡಿ. ಒಂದು ಹೆಸರಿಗೆ ಒಬ್ಬರೇ, ತಪ್ಪಿದರೆ ಹೊರಗೆ ಎಂಬುದು ನಮ್ಮ ನಿಯಮ. ಅದನ್ನು ಸೇರಿಸಿದವನೂ ನಾನೇ.

ವನಜಾಕ್ಷಿಗೆ ದೂರು ಹೇಳಿದೆ. ಯಾವತ್ತು ಯಾವ ಪ್ರಭಾಕರ ಬಂದಿದ್ದ ಎಂದು ಅವರು ಕೇಳಿದಾಗ ನಾನು ತಡವರಿಸಿದೆ. ಪುರಾವೆ ತನ್ನಿ, ಆಮೇಲೆ ನೋಡೋಣ ಎಂದರು. ಹಾಗಾಗಿ ಮುಂದಿನ ದಾಳಿಯಲ್ಲಿ, ಮೈಕ್ ಹಾಳಾದ ವೈದ್ಯ ಬಂದಿದ್ದ ದಿನ, ಎಲ್ಲರೂ ತಿಂಗಳುಗಟ್ಟಲೆ ಕಾದಿದ್ದ ಹಿಮಸರ್ಪದ ಎದುರಿನಲ್ಲಿ ನಾನೊಂದು ಪರೀಕ್ಷೆ ನಡೆಸಿದೆ: ಬೇಕೆಂದೇ ಮದ್ದು ಎಟುಕದಷ್ಟು ದೂರ ಸರಿದೆ. ಮನುಷ್ಯನಾದರೆ ಗಾಬರಿಯಾಗಬೇಕು, ಗಾಬರಿಯಾದರೆ ಗುಟ್ಟು ಬಿಡಬೇಕು ಎಂಬುದು ನನ್ನ ತರ್ಕ.

ತರ್ಕ ಫಲಿಸಿತು. ನನ್ನ ಕಿವಿಯಲ್ಲಿ ಒಂದು ಹೆಣ್ಣು ದನಿ ಹೇಳಿತು: “ಎಂತಕ್ಕೆ ದೂರ ಹೋಗ್ತೀರಿ ಮಾರಾಯ್ರೆ? ಅಲ್ಲೇ ನಿಲ್ಲಿ.”

ಅಷ್ಟರಲ್ಲಿ ನಾನು ಸತ್ತಿದ್ದೆ, ನನ್ನ ಹಿಂದೆ ಉಳಿದವರೂ. ಹೆಣಗಳೆಲ್ಲ ಹಿಮದಲ್ಲಿ ಬಿದ್ದುಕೊಂಡಿರುವಂತೆಯೇ ವಿಚಾರಣೆ ನಡೆಯಿತು. ದನಿ ಪ್ರಭಾಕರನ ಹೆಂಡತಿ ಸುಜಾತಾರದು. ಗಂಡ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದರು. ಅವನು ಪೈಪಿನ ಕೆಲಸಕ್ಕೆಂದು ತುಮರಿಯ ಕಡೆ ಹೋದ ಭಾನುವಾರಗಳಲ್ಲಿ ಇವರು ಬರುತ್ತಿದ್ದರು. ಇದರಲ್ಲಿ ಮೋಸವೇನು ಎಂಬುದೇ ಅವರಿಗೆ ತಿಳಿಯಲಿಲ್ಲ.

“ಬರ್ತೀವಿ ಅಂತ ಮಾತು ಕೊಟ್ಮೇಲೆ ಮನೆಯಿಂದ ಒಬ್ರಾದ್ರೂ ಬರ್ಬೇಕಲ್ಲ,” ಎಂದರು. “ಮುಯ್ಯಾಳು ಅಂದ್ರೆ ಅದೇ ಅಲ್ವಾ?”

ನಾಟಿಗೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಯಜಮಾನನಿಗೆ ಜ್ವರ ಬಂದರೆ ಮನೆಯ ಇನ್ನೊಬ್ಬರು ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಬಂದವರ ಹೆಸರನ್ನು ಯಾರೂ ಕೇಳುವುದಿಲ್ಲ, ಮನೆ ಬಂತೇ ಎಂದಷ್ಟೇ ನೋಡುತ್ತಾರೆ. ಹಿಂದಿನ ವಾರ ಪ್ರಭಾಕರನ ಮದ್ದಿಗೆ ಬೇಕಾದ ಗಿಡಮೂಲಿಕೆ ಕೀಳಲು ಮಾಯಾರಾಜ್ಯದ ಕಾಡಿಗೆ ನಾವೆಲ್ಲ ಹೋಗಿದ್ದೆವಲ್ಲ, ಅದಕ್ಕೆ ಮುಯ್ಯಿ ಇದು. ಉತ್ತರ ಬಹಳ ಚೆಂದವಾಗಿತ್ತು. ಚೆಂದದ ಉತ್ತರಗಳನ್ನು ನಾನು ಎರಡು ಸಲ ಓದುತ್ತೇನೆ.

ಮಂಜನಿಗೆ ಬೇರೆಯೇ ಯೋಚನೆ. “ಹಂಗಾರೆ ಇಷ್ಟು ದಿನ ನಮ್ಮನ್ನ ಉಳಿಸಿದ್ದು ಅತ್ತಿಗೆ,” ಎಂದ. “ಪ್ರಭಾಕರಣ್ಣ ಬರೀ ಕೊಂದಿದ್ದಾ?”

ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಮಾಯಾರಾಜ್ಯದ ಸೇತುವೆಯೊಂದರ ಮೇಲೆ ರಾಕ್ಷಸರ ನಡುವೆ ಒಂಟಿಯಾಗಿ ಸಿಕ್ಕಿಬಿದ್ದಿದ್ದ ನನ್ನನ್ನು ಪ್ರಭಾಕರ ಒಂದು ಜೋಕು ಹೇಳುತ್ತಲೇ ಬದುಕಿಸಿದ್ದ. ಆ ಘಟನೆಯನ್ನು ನಾನು ಸ್ಟಾಫ್ ರೂಮಿನಲ್ಲಿ ರಸವತ್ತಾಗಿ ವರ್ಣಿಸಿದ್ದೆ. ಜೋಕು ಅವನದಾದರೆ ಮದ್ದು ಆ ವೇಗದಲ್ಲಿ ಬಂದಿರಲಾರದು. ಮದ್ದು ಸುಜಾತಾರದಾದರೆ ಜೋಕು ಕೇಳಿಸಿರಲಾರದು. ಯಾವಾಗಲೋ ಕೇಳಿದ ನಗುವನ್ನೂ ಇನ್ಯಾವಾಗಲೋ ಉಳಿದ ಜೀವವನ್ನೂ ಗೋಂದು ಹಚ್ಚಿ ಒಂದು ಮಾಡಿದ್ದು ನಾನೇ. ಒಂದು ಹೆಸರಿನೊಳಗೆ ಇಬ್ಬರನ್ನು ಕೂರಿಸಿದ ಅಪರಾಧ ಆ ದಂಪತಿಯದು ಮಾತ್ರವಲ್ಲ ಎಂದಾಯಿತು.

ಆಗ ಸುಜಾತಾ ಕೇಳಿದರು, ಈ ಸಲ ದನಿ ಸಣ್ಣದಾಗಿತ್ತು. “ಬಳಗದಿಂದ ತೆಗಿಯೋದಾದ್ರೆ ಈಗ್ಲೇ ಹೇಳಿ. ವಾರ ಪೂರ್ತಿ ನಾನು ಭಾನುವಾರಕ್ಕೆ ಕಾಯ್ತಿರ್ತೀನಿ. ಸುಮ್ನೆ ಕಾಯೋದು ಬ್ಯಾಡ.”

ವನಜಾಕ್ಷಿ ನನ್ನತ್ತ ತಿರುಗಿದರು, ತಿರುಗಿದರೆಂದು ನನಗನ್ನಿಸಿತು. ಅವರ ಮದ್ದನ್ನು ನಂಬಿ ನಿಲ್ಲಬೇಕಾದವರು ನೀವು, ನೀವೇ ಹೇಳಿ ಎಂದರು. ನಿಯಮ ನನ್ನದು, ಪುರಾವೆ ನನ್ನದು, ಹಿಮದಲ್ಲಿ ಬಿದ್ದ ಹೆಣವೂ ನನ್ನದು. ಅವರು ತಮ್ಮದೇ ಹೆಸರಿನಲ್ಲಿ ಬರಲಿ ಎಂದೆ. ನ್ಯಾಯವೆನಿಸಿತ್ತು. ಅದರ ಅರ್ಥ, ಅಷ್ಟು ಕೌಶಲವಿರುವವರು ಹೊಸ ಖಾತೆ ತೆರೆದು, ಕಟ್ಟಿಗೆಯ ಕೋಲು ಹಿಡಿದು ಮೊದಲನೆಯ ಹಂತದಿಂದ ಏರಬೇಕು ಎಂಬುದು ಆಮೇಲೆ ಹೊಳೆಯಿತು. ಸುಜಾತಾ ಆಗಲಿ ಎಂದರು. ಹಾಗಾದರೆ ಅವರನ್ನು ಮೇಲೆ ತರುವ ಮುಯ್ಯಿ ಮೇಷ್ಟ್ರದ್ದು ಎಂದು ವನಜಾಕ್ಷಿ ಮುಗಿಸಿದರು.

ಈಗ ಭಾನುವಾರಗಳಲ್ಲಿ ಹಿಮಸರ್ಪವನ್ನು ಬಿಟ್ಟು ಮೊದಲ ಕಾಡಿನಲ್ಲಿ ತೋಳದ ಮರಿಗಳ ಎದುರು ನಿಲ್ಲುತ್ತೇನೆ. ಅವು ಕಚ್ಚಿದರೆ ನನ್ನ ಕವಚಕ್ಕೆ ಗೊತ್ತಾಗುವುದಿಲ್ಲ. ಆದರೆ ಗಾಯವಾಗದೆ ವೈದ್ಯೆ ಮೇಲೇರುವಂತಿಲ್ಲ. ಹಾಗಾಗಿ ಕವಚ ಕಳಚಿ, ಬರಿಮೈಯಲ್ಲಿ ಕಚ್ಚಿಸಿಕೊಳ್ಳುತ್ತೇನೆ. ಪ್ರತಿ ಕಡಿತಕ್ಕೂ ಮೊದಲೇ ಮದ್ದು ಬಂದಿರುತ್ತದೆ.

ಮೊನ್ನೆ ಮಾತ್ರ ‘ಸುಜಾತಾ’ ಎಂಬ ಹೆಸರಿನ ಪುಟ್ಟ ವೈದ್ಯೆ ಬಂದವಳೇ ‘ಮೈಕ್ ಹಾಳಾಗಿದೆ’ ಎಂದು ಬರೆದಳು. ತೋಳ ಕಚ್ಚಿತು. ಮದ್ದು ಬರಲಿಲ್ಲ. ಇನ್ನೊಂದು ಕಚ್ಚಿತು. ನನ್ನ ಜೀವ ಅರ್ಧಕ್ಕಿಳಿದ ಮೇಲೆ, ಶ್ರದ್ಧಾಂಜಲಿಗೆ ಹೊರಟಂತೆ, ನಿಧಾನವಾಗಿ ಮದ್ದು ಬಂತು.

ಅನುಮಾನ ಖಚಿತವಾಗಿತ್ತು. ಹೆಂಡತಿಯ ಬದಲು ಗಂಡ ಬಂದರೇನು, ಮನೆ ಬಂದಿತ್ತಲ್ಲ. ಕಳಚಿದ್ದ ಕವಚವನ್ನು ಮತ್ತೆ ತೊಟ್ಟೆ, ಗಾಯ ಸ್ವಲ್ಪ ತಡವಾಗಿ ಆಗಲಿ ಎಂದು.