ಆಂಗೂನಿನ ಕರಡಿ ಕುಲಕ್ಕೆ ಮಗಳನ್ನು ಕೊಟ್ಟದ್ದು

ಜುಲೈ ತಿಂಗಳಲ್ಲಿ ಅಡಿಲೇಡಿನಿಂದ ಹೊರಟಾಗ ಬ್ಲೇರ್ ಅಥಾಲ್‌ನ ನಮ್ಮ ಮನೆಯ ಮುಂದಿನ ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿತ್ತು. ಚಳಿಗಾಲ ಬಿಟ್ಟು ಬೇಸಿಗೆಗೆ ಹೋಗುತ್ತಿದ್ದೇನೆ ಎಂದು ಹಿಗ್ಗಿದ್ದೆ. ಅಲಾಸ್ಕದ ಬೇಸಿಗೆಗೂ ಸ್ವೆಟರ್ ಬೇಕೆಂದು ಯಾರೂ ಹೇಳಿರಲಿಲ್ಲ. ಸಿಡ್ನಿ, ಲಾಸ್ ಏಂಜಲೀಸ್, ಸಿಯಾಟಲ್‌ಗಳಲ್ಲಿ ವಿಮಾನ ಬದಲಿಸಿ ಜೂನೋ ಊರಿನಲ್ಲಿ ಇಳಿಯುವಷ್ಟರಲ್ಲಿ ಕಾಲು ಊದಿ ಚಪ್ಪಲಿಗೆ ಹೋಗುತ್ತಿರಲಿಲ್ಲ. ಮಗಳು ಚೈತ್ರಾ, ಅಳಿಯ ಏರನ್ ಕಾದಿದ್ದರು. ಬ್ರಿಸ್ಬೇನಿನಲ್ಲಿ ಓದುವಾಗ ಪರಿಚಯವಾದವರು. ಹೋದ ವರ್ಷ ಅಡಿಲೇಡಿನಲ್ಲೇ ಮದುವೆ ಮಾಡಿಕೊಟ್ಟಿದ್ದೆವು. ಅವಳಿಗೀಗ ಐದು ತಿಂಗಳು.

ಏರನ್‌ನ ಹುಟ್ಟೂರು ಆಂಗೂನ್, ಟ್ಲಿಂಗಿಟ್ ಜನರ ಪುಟ್ಟ ಹಳ್ಳಿ. ಅದಿರುವುದು ದ್ವೀಪದಲ್ಲಿ, ಹೊರಗಿನಿಂದ ರಸ್ತೆಯೇ ಇಲ್ಲ. ಪುಟಾಣಿ ವಿಮಾನದಲ್ಲಿ ಹೋಗಿ ನೀರಿನ ಮೇಲೆ ಇಳಿಯಬೇಕು, ಇಲ್ಲವೇ ಐದಾರು ಗಂಟೆ ಫೆರಿಯಲ್ಲಿ ಕೂರಬೇಕು. ನಾವು ಫೆರಿ ಹತ್ತಿದೆವು. ದಾರಿಯಲ್ಲಿ ತಿಮಿಂಗಿಲ ಕಂಡಿತಂತೆ, ಎಲ್ಲರೂ ಎದ್ದು ಓಡಿದರು. ನಾನು ಏಳಲಿಲ್ಲ. ಆಗಷ್ಟೇ ಚೈತ್ರಾ ಈ ಪ್ರಯಾಣದ ನಿಜವಾದ ಕಾರಣ ಬಾಯಿಬಿಟ್ಟಿದ್ದಳು.

ಟ್ಲಿಂಗಿಟರಲ್ಲಿ ಎರಡೇ ಕಡೆ, ಕಾಗೆಯ ಕಡೆ ಮತ್ತು ಹದ್ದಿನ ಕಡೆ. ಒಂದೊಂದು ಕಡೆಯಲ್ಲೂ ಹಲವು ಕುಲ. ಒಂದೇ ಕಡೆಯವರು ಮದುವೆಯಾಗುವ ಹಾಗಿಲ್ಲ. ಹುಟ್ಟಿದ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಏರನ್ ಕಾಗೆಯ ಕಡೆಯವನು. ನನ್ನ ಮಗಳಿಗೆ ಯಾವ ಕುಲವೂ ಇಲ್ಲ, ಹಾಗಾಗಿ ಅವಳ ಮಗುವಿಗೂ ಇಲ್ಲ. ಹದ್ದಿನ ಕಡೆಯ ಕರಡಿ ಕುಲದ ಮಾರ್ತಾ ಎಂಬ ಹಿರಿಯ ಹೆಂಗಸು ಇವಳನ್ನು ಮಗಳಾಗಿ ತೆಗೆದುಕೊಳ್ಳಲು ಒಪ್ಪಿದ್ದಳು. ಆದರೆ ಹೆತ್ತವಳು ನಾಲ್ಕು ಜನರ ಮುಂದೆ ಹೂಂ ಅನ್ನದೆ ತೆಗೆದುಕೊಳ್ಳುವುದಿಲ್ಲ ಅಂದಿದ್ದಳಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. "ಧಾರೆ ಎರೆದು ಕೊಟ್ಟಾಯ್ತು, ಇನ್ನು ದತ್ತು ಬೇರೆ ಕೊಡ್ಬೇಕಾ?" ಎಂದೆ.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡದಲ್ಲಿ ಹೇಳಿದಳು: "ನನ್ ಮಗೂಗೆ ಕೂತ್ಕೊಳ್ಳಕ್ಕೆ ಒಂದು ಕಡೆ ಬೇಕಲ್ಲಮ್ಮ."

ಆಂಗೂನ್ ತಲುಪಿದಾಗ ಜಿಟಿಜಿಟಿ ಮಳೆ. ಒಂದು ಪಕ್ಕ ಅಗಲವಾದ ಜಲಸಂಧಿ, ಇನ್ನೊಂದು ಪಕ್ಕ ಹಿನ್ನೀರು, ನಡುವಿನ ಕಿರಿದಾದ ನೆಲದ ಮೇಲೆ ಊರು. ಮರದ ಮನೆಗಳು, ಅಂಗಡಿ, ಮೀನು ಒಣಗಿಸುವ ಹೊಗೆಗೂಡುಗಳು. ಹಾಲಿನ ಬೆಲೆ ಕೇಳಿ ಕಪ್ಪು ಚಹಾ ರೂಢಿ ಮಾಡಿಕೊಂಡೆ. ದ್ವೀಪದಲ್ಲಿ ಜನರಿಗಿಂತ ಕರಡಿಗಳೇ ಹೆಚ್ಚು, ನಡೆಯುವಾಗ ಗಟ್ಟಿಯಾಗಿ ಮಾತಾಡುತ್ತಿರಿ ಎಂದರು. ಅದು ನನಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಬೀಗರ ಮನೆಯಲ್ಲಿ ಮೂರು ಹೊತ್ತೂ ಸಾಲ್ಮನ್ ಮೀನು. ನಾನು ತಂದಿದ್ದ ಅವಲಕ್ಕಿ, ಚಟ್ನಿಪುಡಿ ನನ್ನನ್ನು ಕಾಪಾಡಿದವು.

ಮಾರನೆಯ ದಿನ ಮಾರ್ತಾ ಬಂದಳು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ರಬ್ಬರ್ ಬೂಟು, ಮಾತು ಕಡಿಮೆ. ಮೊದಲು ದಡಕ್ಕೆ ಕರೆದುಕೊಂಡು ಹೋದಳು. 1882ರಲ್ಲಿ ತಿಮಿಂಗಿಲ ಬೇಟೆಯ ದೋಣಿಯಲ್ಲಿ ಈಟಿ ಹಾರಿಸುವ ಬಂದೂಕು ಸಿಡಿದು ಇವರ ಹಿರಿಯನೊಬ್ಬ ಸತ್ತನಂತೆ. ಇವರು ತಮ್ಮ ಪದ್ಧತಿಯಂತೆ ಪರಿಹಾರವಾಗಿ ಕಂಬಳಿ ಕೇಳಿದರು. ಅಮೆರಿಕದ ನೌಕಾಪಡೆ ಬಂದು ಫಿರಂಗಿ ಹಾರಿಸಿ ಊರು ಸುಟ್ಟಿತು. ಚಳಿಗಾಲಕ್ಕೆ ಕೂಡಿಟ್ಟ ಮೀನು ಹೋಯಿತು, ದೋಣಿಗಳು ಹೋದವು, ಮಕ್ಕಳು ಸತ್ತರು. ಉಳಿದ ಒಂದು ದೋಣಿಯಲ್ಲಿ ಮೀನು ಹಿಡಿದು ಊರು ಆ ಚಳಿಗಾಲ ದಾಟಿತು. ಈಚೆಗೆ ನೌಕಾಪಡೆಯವರು ಇಲ್ಲಿಗೇ ಬಂದು ಕ್ಷಮೆ ಕೇಳಿ ಹೋಗಿದ್ದಾರೆ. ಅವಳು ನೀರು ನೋಡುತ್ತ ನಿಂತಷ್ಟು ಹೊತ್ತೂ ನಾನೂ ಜೊತೆಗೆ ನಿಂತೆ.

ಅಲ್ಲಿಂದ ಕಾಡಿನ ಅಂಚಿಗೆ ಹಣ್ಣು ಕೀಳಲು ಹೋದೆವು. ಕಿತ್ತಳೆ ಬಣ್ಣದ ಹಣ್ಣು, ಸಪ್ಪೆಗೂ ಹುಳಿಗೂ ನಡುವಿನ ರುಚಿ. ನಮ್ಮ ಮಗು ನಿಮಗೆ ಯಾಕೆ ಬೇಕು ಎಂದು ನೇರವಾಗಿ ಕೇಳಿಬಿಟ್ಟೆ. ಏರನ್‌ನ ತಂದೆಗೆ ತಾನು ಅಕ್ಕ, ಹುಡುಗನ ಹೆಂಡತಿಗೆ ಜಾಗ ಮಾಡಿಕೊಡುವುದು ತಂದೆಯ ಕಡೆಯವರ ಕೆಲಸ ಎಂದಳು.

ತಂದೆಯ ಅಕ್ಕ! ಕೈಯಲ್ಲಿದ್ದ ಹಣ್ಣು ಹಾಗೇ ಉಳಿಯಿತು. ಅಂದರೆ ಮಾರ್ತಾ ಅವನ ಸೋದರತ್ತೆ. ಚೈತ್ರಾ ಅವಳ ಮಗಳಾದರೆ ಏರನ್‌ಗೆ ಅತ್ತೆ ಮಗಳಾದಳು. ಅಂಥ ಮದುವೆ ನಿಮ್ಮಲ್ಲಿ ನಡೆಯುತ್ತದೆಯೇ ಎಂದು ಕೇಳಿದೆ. ಹಿಂದಿನವರು ಅದನ್ನೇ ಒಳ್ಳೆಯ ಸಂಬಂಧ ಅನ್ನುತ್ತಿದ್ದರು ಎಂದಳು. ನನಗೆ ನಗು ತಡೆಯಲಾಗಲಿಲ್ಲ. ನಮ್ಮಜ್ಜಿ ಮದುವೆಯಾದದ್ದೂ ಹಾಗೆಯೇ. ವರಸೆ ಸರಿಯಾಗಿ ಕೂಡಿತ್ತು. ಮದುವೆಯ ದಿನ ನಮ್ಮ ಪುರೋಹಿತರು ಏರನ್‌ಗೆ ಒಂದೇ ನಿಮಿಷದಲ್ಲಿ ಕಾಶ್ಯಪ ಗೋತ್ರ ಕೊಟ್ಟು ಮುಗಿಸಿದ್ದರು. ಹುಡುಗನ ತಾಯಿಯನ್ನು ಒಂದು ಮಾತು ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಇವರು ನನ್ನನ್ನು ಭೂಮಿಯ ಈ ತುದಿಗೆ ಕರೆಸಿ ಕೇಳುತ್ತಿದ್ದರು.

ಆದರೂ ಒಂದು ಮಾತು ಗಂಟಲಲ್ಲೇ ಇತ್ತು. "ಮೊದಲನೇ ಬಾಣಂತನ ಮಾತ್ರ ನನ್ನ ಮನೆಯಲ್ಲೇ. ಅದನ್ನ ಬಿಟ್ಟುಕೊಡಲ್ಲ," ಎಂದೆ.

ಮಾರ್ತಾ ಬಕೆಟ್ಟಿಗೆ ಹಣ್ಣು ಹಾಕುತ್ತ ಯೋಚಿಸಿದಳು. "ಸರಿ. ಹಾಗಾದರೆ ನಾನೂ ಬರಬೇಕು. ನಾನೂ ತಾಯಿ ತಾನೆ?"

ಶನಿವಾರ ಊರಿನ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಎರಡು ಕಡೆಯವರು ಎದುರುಬದುರು ಕೂತಿದ್ದರು, ಹೆಗಲ ಮೇಲೆ ಗುಂಡಿ ಹೊಲಿದ ಕಂಬಳಿಗಳು. ಬೀಗಿತ್ತಿಯ ಪಕ್ಕದಲ್ಲಿದ್ದ ನನ್ನನ್ನು ಮಾರ್ತಾ ತಾನೇ ಬಂದು ಹದ್ದಿನ ಕಡೆಗೆ ಕರೆದೊಯ್ದಳು. ಒಪ್ಪಿಗೆಯೇ ಎಂದು ಕೇಳಿದಾಗ ಎದ್ದು ಹೂಂ ಎಂದೆ. ಚೈತ್ರಾಳ ಹೊಸ ಹೆಸರನ್ನು ಹಿರಿಯರೊಬ್ಬರು ಕೂಗಿದರು, ಎದುರಿನವರು ಅದನ್ನೇ ತಿರುಗಿ ಹೇಳಿದರು. ಗಂಟಲಿನ ಒಳಗಿನಿಂದ ಬರುವ ಹೆಸರು, ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ. ಮಗಳು ಅಳುತ್ತಿದ್ದಳು. ನಾನೂ ಅತ್ತೆ.

ಹೊರಡುವ ದಿನ ದಕ್ಕೆಯಲ್ಲಿ ಮಗಳ ಒಂದು ಭುಜದ ಮೇಲೆ ಮಾರ್ತಾಳ ಕೈಯಿತ್ತು. ಫೆರಿ ತಿರುಗುವವರೆಗೂ ನೋಡಿದೆ. ಈ ಸಲ ತಿಮಿಂಗಿಲವನ್ನೂ ನೋಡಿದೆ.

ಅಡಿಲೇಡ್ ಏರ್‌ಪೋರ್ಟಿಗೆ ಬಂದಿದ್ದ ನಮ್ಮೆಜಮಾನರು ಸೂಟ್‌ಕೇಸ್ ಕಾರಿಗೆ ಇಡುತ್ತ ಬೀಗರೆಲ್ಲ ಹೇಗಿದ್ದಾರೆ ಎಂದು ವಿಚಾರಿಸಿದರು. ಚೆನ್ನಾಗಿದ್ದಾರೆ ಎಂದೆ.

"ನವೆಂಬರಿಗೆ ಹಿಂದಿನ ರೂಮು ಖಾಲಿ ಮಾಡ್ಬೇಕು ರೀ. ಬಾಣಂತನಕ್ಕೆ ನಮ್ಮಕ್ಕ ಬರ್ತಾಳೆ."

"ನಿಂಗೆಲ್ಲೇ ಅಕ್ಕ?" ಎಂದರು.

ಮನೆ ತಲುಪುವವರೆಗೂ ಅದನ್ನೇ ಹೇಳುತ್ತ ಬಂದೆ. ಮೊಟ್ಟೆಯನ್ನೂ ಕಾಣದ ನಮ್ಮ ಅಡುಗೆಮನೆಯಲ್ಲಿ ಅವಳಿಗೆ ಮೀನು ಬೇಯಿಸುವ ಜಾಗ ಎಲ್ಲಿ ಮಾಡುವುದು ಎಂದು ಕೊನೆಗೆ ಅವರೇ ಕೇಳಿದರು.