ಆರನೇ ಮೇಜಿನ ಮುಂದಿನ ಸಾಲು

ಆ ಸಾಲು ಸುಳ್ಳು, ಸರ್. ಹನ್ನೊಂದು ವರ್ಷಗಳ ಹಿಂದೆ ದುಬೈಯ ಅಭಿಮಾನಿಗಳ ಮೇಳದಲ್ಲಿ, ಆರನೇ ಮೇಜಿನ ಮುಂದೆ, ನಿಮ್ಮ ಸಹಿಗಾಗಿ ನಿಂತಿದ್ದ ಇಪ್ಪತ್ತಮೂರು ಜನರಲ್ಲಿ ಒಬ್ಬನೂ ನಿಮ್ಮ ಒಂದೇ ಒಂದು ಸಿನಿಮಾ ನೋಡಿದವನಲ್ಲ. ಅವರನ್ನು ತಂದು ನಿಲ್ಲಿಸಿದವನು ನಾನು. ಆಮೇಲೆ ನೀವು ಕೇಳಿದ ಪ್ರಶ್ನೆಗೆ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದವನೂ ನಾನೇ.

ನನ್ನ ನೆನಪು ನಿಮಗಿರಲಾರದು. ನನ್ನ ಹೆಸರು ಹನೀಫ್, ಊರು ಕಾಪು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ, ಮೇಳಗಳಿಗೆ ಮಳಿಗೆ ಕಟ್ಟಿಕೊಡುವ ಕಂಪನಿಯೊಂದರ ಗೋದಾಮಿನಲ್ಲಿ ಬಡಗಿಗಳ ಮೇಲ್ವಿಚಾರಕ. ಆ ಸಲ ಮೇಳದವರಿಗೆ ಜನ ಸಾಲದೆ, ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ ನನ್ನನ್ನು ನಿಮ್ಮ ಮೇಜಿನ ಬಳಿ ನಿಲ್ಲಿಸಿದರು. ನೀರು ಕೊಡುವುದು, ಪೆನ್ನು ಕೊಡುವುದು, ಜನ ನೂಕಾಡದಂತೆ ನೋಡಿಕೊಳ್ಳುವುದು ಕೆಲಸ. ನೀರು ಕೊಟ್ಟೆ, ಪೆನ್ನು ಕೊಟ್ಟೆ. ಮೂರನೆಯ ಕೆಲಸ ಬರಲೇ ಇಲ್ಲ.

ನಿಮ್ಮ ಬಗ್ಗೆ ನನಗೆ ಗೊತ್ತಿದ್ದದ್ದು ಮೇಳದವರು ಕೈಗೆ ಕೊಟ್ಟ ಒಂದು ಹಾಳೆಯಷ್ಟೆ. ಅದನ್ನು ಎಷ್ಟು ಸಲ ಓದಿದೆನೋ. ಇಪ್ಪತ್ತೆರಡನೇ ವಯಸ್ಸಿಗೆ ಯುದ್ಧದ ಸಿನಿಮಾಗಳು — ಒಂದರಲ್ಲಿ ಸಿಪಾಯಿ, ಇನ್ನೊಂದರಲ್ಲಿ ಸಿಪಾಯಿ, ಮತ್ತೊಂದರಲ್ಲಿ ‘ಎರಡನೇ ಸಿಪಾಯಿ’. ಆಮೇಲೆ ಏಳು ವರ್ಷ ನಿಮ್ಮ ದೇಶದ ಟೀವಿಯಲ್ಲಿ ಅಂಚೆ ಇಲಾಖೆಯ ತನಿಖಾಧಿಕಾರಿ, ಕಳೆದುಹೋದ ಪತ್ರಗಳ ಬೆನ್ನು ಹತ್ತುವವನು. ಅದು ನಿಮ್ಮ ಬೆಳದಿಂಗಳ ಕಾಲ. ಅದರ ನಂತರ ಒಂದು ಕಾರ್ಟೂನ್ ಕರಡಿಗೆ ದನಿ, ಹಾಸಿಗೆಯ ಜಾಹೀರಾತು, ಬೇರೆಯವರ ಧಾರಾವಾಹಿಗಳಲ್ಲಿ ನ್ಯಾಯಾಧೀಶ, ಮತ್ತೆ ನ್ಯಾಯಾಧೀಶ. ಒಬ್ಬ ಮನುಷ್ಯನ ನಲವತ್ತು ವರ್ಷ ಒಂದು ಹಾಳೆಯಲ್ಲಿ ಹಿಡಿದು, ಕೆಳಗೆ ಜಾಗ ಬೇರೆ ಉಳಿದಿತ್ತು. ನನಗೆ ಅದು ವಿಚಿತ್ರವೆನಿಸಿತು. ನಾನು ಕಟ್ಟುವ ಮಳಿಗೆ ಮೂರು ದಿನಕ್ಕೆ ಬಿಚ್ಚಿಹೋಗುತ್ತದೆ, ಸರಿ. ಆದರೆ ಮನೆ ಮನೆಯಲ್ಲಿ ಜನ ನೋಡಿದ ಮುಖ — ಅದು ಎಲ್ಲಿಗೆ ಹೋಗುತ್ತದೆ?

ಮೊದಲ ದಿನ ಬೆಳಗಿನಿಂದ ನಾಲ್ವರು ಬಂದರು. ಅವರಲ್ಲಿ ಇಬ್ಬರು ಶೌಚಾಲಯ ಎಲ್ಲಿ ಎಂದು ಕೇಳಲು. ಪಕ್ಕದ ಮೇಜಿನಲ್ಲಿ ಹೊಸ ನಟಿಯೊಬ್ಬಳು ಕೂತಿದ್ದಳು. ಅವಳ ಸಾಲು ಹೊರಬಾಗಿಲು ದಾಟಿತ್ತು. ನೀವು ನಿಮ್ಮ ಫೋಟೋಗಳ ಕಟ್ಟನ್ನು ನೇರ ಮಾಡುತ್ತಿದ್ದಿರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೇರ ಮಾಡುತ್ತಿದ್ದಿರಿ. ಸುಮ್ಮನಿರಲಾಗದೆ ನಾನು ಕೇಳಿದೆ, ಸಿನಿಮಾದಲ್ಲಿ ಸಾಯುವುದು ಕಷ್ಟವೇ ಎಂದು. ನೀವು ಎಷ್ಟು ಸಂತೋಷದಿಂದ ತಿರುಗಿದಿರಿ! ಸಾಯುವುದು ಸುಲಭ, ಸತ್ತ ಮೇಲೆ ಹೊಟ್ಟೆ ಏರಿಳಿಯದ ಹಾಗೆ ಮಲಗಿರುವುದು ಕಷ್ಟ ಎಂದಿರಿ. ಅಳುವುದು ಹೇಗೆ ಎಂದೆ. ಅಳು ತಡೆದುಕೊಳ್ಳುವವನ ಹಾಗೆ ನಟಿಸಬೇಕು, ಅದು ತಾನಾಗಿ ಬರುತ್ತದೆ ಎಂದಿರಿ. ಆ ಮಧ್ಯಾಹ್ನದ ನಿಮ್ಮ ಮಾತುಗಳು ನನಗೆ ಇವತ್ತಿಗೂ ಬಾಯಿಪಾಠ.

ಎರಡನೇ ದಿನ ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ ಬಂದೆ, ನಿಮ್ಮ ಮೇಜಿನ ಮುಂದೆ ಹಾಗೆಯೇ ಖಾಲಿ. ಸಭಾಂಗಣದ ಹಿಂದೆ ನಮ್ಮ ಹುಡುಗರು ಬಿದ್ದುಕೊಂಡಿದ್ದರು. ಮಳಿಗೆ ಕಟ್ಟುವವರ ಪಾಡೇ ಅದು — ಎಲ್ಲಾದರೂ ಬೋರ್ಡು ಕಳಚಿದರೆ ಬೇಕೆಂದು ಇರಿಸಿಕೊಂಡಿರುತ್ತಾರೆ, ಕೊನೆಗೆ ಬಿಚ್ಚುವವರೆಗೂ ಬೇರೆ ಕೆಲಸವಿಲ್ಲ. ಕಾರ್ಕಳದ ಗಣಪತಿ ಆಚಾರ್ರು ಅವರಲ್ಲಿ ಹಿರಿಯರು. ಅವರನ್ನು ಎಬ್ಬಿಸಿ, ಕಂಪನಿಯ ಅಂಗಿ ತೆಗೆದು ಸ್ವಂತದ್ದು ಹಾಕಿಕೊಳ್ಳಲು ಹೇಳಿದೆ.

“ಎಂತ ಹನೀಫಾಕ, ಯಾರವ್ರು? ನಂಗೆ ಅವ್ರ ಗುರ್ತವೇ ಇಲ್ಲ.”

“ಗುರ್ತ ಬೇಡ ಆಚಾರ್ರೆ. ಸಾಲಲ್ಲಿ ನಿಲ್ಲಿ, ಫೋಟೋಕ್ಕೆ ಸೈನ್ ತಗೊಳ್ಳಿ, ಖಲಾಸ್. ಯಾವ್ದು ಇಷ್ಟ ಅಂತ ಕೇಳಿದ್ರೆ ಪೋಸ್ಟಾಫೀಸಿನದ್ದು ಅನ್ನಿ. ಯಲ್ಲಾ, ಏಳಿ.”

ಹಾಗೆ ಬಂತು ಆ ಸಾಲು. ಪಾಪ ಅನಿಸಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಪಾಪ ಅನಿಸಿದ್ದು ನಿಜ. ಆದರೆ ಅಷ್ಟೇ ಆಗಿದ್ದರೆ ಇನ್ನೊಂದು ಚಹಾ ತಂದುಕೊಟ್ಟು ಸುಮ್ಮನಿರುತ್ತಿದ್ದೆ. ನನಗೆ ನೋಡಬೇಕಿತ್ತು ಸರ್ — ಜನ ಮರೆತ ಮುಖದ ಮುಂದೆ ಜನ ಮತ್ತೆ ಬಂದು ನಿಂತರೆ ಏನಾಗುತ್ತದೆ ಎಂದು. ಮೇಜಿನ ಪಕ್ಕಕ್ಕೆ ಸರಿದು ನಿಂತದ್ದು ಅದಕ್ಕೇ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮತ್ತು ನೋಡಿದೆ. ಮೊದಲು ನಿಮ್ಮ ಬೆನ್ನು ನೆಟ್ಟಗಾಯಿತು. ಮೂರನೆಯವನು ಬರುವಷ್ಟರಲ್ಲಿ ದನಿ ಬದಲಾಗಿತ್ತು, ಹತ್ತು ವರ್ಷ ಇಳಿದಿತ್ತು. ಒಬ್ಬೊಬ್ಬರ ಹೆಸರು ಕೇಳಿ, ಅಕ್ಷರ ಅಕ್ಷರ ಕೇಳಿ ಬರೆದಿರಿ. ಆಚಾರ್ರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಿರುಕುಬಿಟ್ಟ ಆ ಅಂಗೈ ನೋಡಿ, ಇರುವ ಒಂದು ರಜೆಯನ್ನೂ ಬಿಟ್ಟು ಬಂದಿರಾ ಎಂದು ಕೇಳಿದಿರಿ. ಅವರಿಗೆ ಇಂಗ್ಲಿಷ್ ಬಾರದು, “ಪೋಸ್ಟಾಫೀಸ್, ಪೋಸ್ಟಾಫೀಸ್” ಎಂದು ತಲೆಯಾಡಿಸಿದರು. ನಿಮ್ಮ ಕಣ್ಣು ತುಂಬಿತು. ತಡೆದುಕೊಳ್ಳುವವನ ಹಾಗೆ ನಟಿಸಲಿಲ್ಲ ನೀವು, ನಿಜವಾಗಿಯೂ ತಡೆದುಕೊಂಡಿರಿ.

ಸಾಲು ಮುಗಿದ ಮೇಲೆ ಸಭಾಂಗಣದ ಹಿಂದಕ್ಕೆ ಹೋದಾಗ ಆಚಾರ್ರು ಫೋಟೋ ಹಿಡಿದುಕೊಂಡು ಕೂತಿದ್ದರು. “ಇದು ಸರಿಯಾಗ್ಲಿಲ್ಲ ಹನೀಫಾಕ. ಮನುಷ್ಯ ಒಳ್ಳೆಯವ. ನಂಗೆ ಒಂಥರಾ ಆಯ್ತು.” ನಾನು ನಕ್ಕು, ಒಳ್ಳೆಯದೇ ಆಯಿತಲ್ಲ ಎಂದೆ.

ಅದು ಅಲ್ಲಿಗೇ ಮುಗಿದಿದ್ದರೆ... ಪರದೆಯ ಹಿಂದೆ ಚಹಾ ಕುಡಿಯುವಾಗ ನೀವೇ ಹೇಳಿದಿರಿ. ನಿಮ್ಮ ದೇಶದಲ್ಲಿ ಒಂದು ಹೊಸ ಧಾರಾವಾಹಿ. ನಿಮಗೆ ಅಜ್ಜನ ಪಾತ್ರ — ಕಿಟಕಿ ಬಳಿ ಕುರ್ಚಿ, ಕಂತಿಗೆ ನಾಲ್ಕು ಮಾತು. ಅಂದೇ ಉತ್ತರ ಹೇಳಬೇಕಿತ್ತು. ಬೆಳಿಗ್ಗೆ ಒಪ್ಪುವುದೆಂದು ತೀರ್ಮಾನಿಸಿದ್ದಿರಂತೆ. ಈಗ ಬೇರೆ ಆಸೆ ಹುಟ್ಟಿತ್ತು: ಅಂಚೆಯ ತನಿಖಾಧಿಕಾರಿ ಮುದುಕನಾಗಿ ಮತ್ತೆ ಬರುವ ಕಥೆ, ಯಾರಿಗೆ ಬೇಕು ಅದು ಎಂದು ಎಲ್ಲರೂ ಕೈಬಿಟ್ಟಿದ್ದದ್ದು. ನೀವು ನನ್ನನ್ನೇ ನೋಡಿ ಕೇಳಿದಿರಿ:

“ನಿಜ ಹೇಳಿ ಹನೀಫ್. ಇಲ್ಲಿನ ಜನರಿಗೆ ನಿಜವಾಗಿಯೂ ನಾನು ಗೊತ್ತೇ?”

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು ನನ್ನ ಉತ್ತರ.

“ಗೊತ್ತು ಸರ್. ಎಲ್ಲರಿಗೂ ಗೊತ್ತು.”

ನೀವು ಫೋನ್ ತೆಗೆದು ನನ್ನ ಎದುರೇ ಬೇಡ ಎಂದುಬಿಟ್ಟಿರಿ. ಎರಡು ನಿಮಿಷದ ಮಾತು. ನಾನು ಕೈ ಚಾಚಿ ತಡೆಯಬಹುದಿತ್ತು, ತಡೆಯಲು ಜಾಗವಿತ್ತು, ಹೊತ್ತಿತ್ತು. ನಾನು ನಿಮ್ಮ ಖಾಲಿ ಲೋಟ ಎತ್ತಿಕೊಂಡು ಹೊರಟೆ. ನಿಮ್ಮ ಅನ್ನಕ್ಕೆ ಕಲ್ಲು ಹಾಕಿದೆ ಎಂದು ಆಗ ತಿಳಿಯಲಿಲ್ಲ — ಅಲ್ಲ, ತಿಳಿದಿತ್ತು. ಎಷ್ಟು ದೊಡ್ಡ ಕಲ್ಲು ಎಂಬುದು ತಿಳಿದಿರಲಿಲ್ಲ.

ಆ ಅಜ್ಜನ ಪಾತ್ರ ಇನ್ನೊಬ್ಬರಿಗೆ ಹೋಯಿತು. ಧಾರಾವಾಹಿ ಎಂಟು ವರ್ಷ ಓಡಿತು. ನಮ್ಮ ಮನೆಯಲ್ಲೂ ಓಡಿತು ಸರ್. ನನ್ನ ಮಗಳು ಹಿಬಾಳಿಗೆ ಆ ಅಜ್ಜನೆಂದರೆ ಪ್ರಾಣ; ಅವನ ಮಾತುಗಳನ್ನು ಕನ್ನಡಿಯ ಮುಂದೆ ಹೇಳಿಕೊಂಡು ದೊಡ್ಡವಳಾದಳು. ಅವಳು ನಗುವಾಗ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅಂತರ್ಜಾಲದಲ್ಲಿ ನಿಮ್ಮ ಹೆಸರಿನ ಪುಟವನ್ನು ಆಗಾಗ ತೆರೆದು ನೋಡುತ್ತೇನೆ. ಆ ವರ್ಷದ ಕೆಳಗೆ ಒಂದೇ ಒಂದು ಜಾಹೀರಾತು, ಕಿವಿಯ ಯಂತ್ರದ್ದು. ಅಂಚೆಯ ತನಿಖಾಧಿಕಾರಿ ಮತ್ತೆ ಬರಲೇ ಇಲ್ಲ.

ಕಳೆದ ತಿಂಗಳು ನಿಮ್ಮ ಸಂದರ್ಶನವೊಂದು ಸಿಕ್ಕಿತು. ಆ ಪಾತ್ರ ಬಿಟ್ಟುಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲವೇ ಎಂದು ಸಂದರ್ಶಕ ನಗುತ್ತಲೇ ಕೇಳಿದ. ಇಲ್ಲ ಎಂದಿರಿ. ದುಬೈಯಲ್ಲಿ ಕೈಗಳಲ್ಲಿ ಬಿರುಕಿದ್ದ ದುಡಿಯುವ ಜನ ನನಗಾಗಿ ಸಾಲು ನಿಂತಿದ್ದರು, ಆ ಕೈಗಳನ್ನು ನೋಡಿದ ಮೇಲೆ ಕಿಟಕಿ ಬಳಿ ಕೂರಲು ಮನಸ್ಸಾಗಲಿಲ್ಲ ಎಂದಿರಿ. ಸಾಯುವ ಮೊದಲು ಒಮ್ಮೆ ಅಲ್ಲಿಗೆ ಹೋಗಬೇಕು ಎಂದಿರಿ. ಈ ವಾರ ಮೇಳದವರ ಪಟ್ಟಿ ಗೋದಾಮಿಗೆ ಬಂತು. ನಿಮ್ಮ ಹೆಸರಿದೆ. ಯಾರೂ ಕರೆದದ್ದಲ್ಲವಂತೆ, ನೀವೇ ಪತ್ರ ಬರೆದು, ನಿಮ್ಮದೇ ಖರ್ಚಿನಲ್ಲಿ ಬರುತ್ತೇನೆಂದಿರಂತೆ.

ನನ್ನ ಕೈಕೆಳಗೆ ಈಗ ನಲವತ್ತು ಜನರಿದ್ದಾರೆ. ಒಂದು ಮಾತು ಹೇಳಿದರೆ ಸಾಕು, ಸಾಲು ನಿಲ್ಲುತ್ತದೆ, ನೀವು ಸಂತೋಷದಿಂದ ಹಿಂತಿರುಗುತ್ತೀರಿ. ಎರಡು ದಿನ ಅದನ್ನೇ ಯೋಚಿಸಿದೆ, ಮುಚ್ಚಿಡುವುದಿಲ್ಲ. ನಿಮಗೆ ಉಳಿದಿರುವುದು ಆ ಒಂದು ಮಧ್ಯಾಹ್ನ. ಅದನ್ನೂ ಕಿತ್ತುಕೊಳ್ಳಲು ನಾನು ಯಾರು? ಆದರೆ ಹಾಗೆ ಕೇಳಿಕೊಂಡಾಗಲೆಲ್ಲ ತಿಳಿಯುತ್ತದೆ — ನಿಮ್ಮ ಬದುಕಿನ ಬಗ್ಗೆ ನಿಮಗೆ ಏನು ಗೊತ್ತಿರಬೇಕು, ಏನು ಬೇಡ ಎಂದು ತೀರ್ಮಾನಿಸಿದ್ದೇ ನನ್ನ ಮೊದಲ ತಪ್ಪು.

ನಿನ್ನೆ ಹಿಬಾಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. “ಡಸ್ ಹಿ ನೋ?” ಎಂದಳು. ಇಲ್ಲ ಎಂದೆ. “ದೆನ್ ಯು ಟೆಲ್ ಹಿಮ್, ಉಪ್ಪ. ಬಿಫೋರ್ ಹಿ ಕಮ್ಸ್,” ಎಂದಳು. ಮನಸ್ಸಿನಲ್ಲಿರುವುದು ನನಗೆ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರುವುದು. ಆದ್ದರಿಂದ ಕನ್ನಡದಲ್ಲಿ ಬರೆದು ಅವಳಿಗೆ ಓದಿ ಹೇಳಿದ್ದೇನೆ, ಅವಳು ಇಂಗ್ಲಿಷಿಗೆ ತಂದಿದ್ದಾಳೆ. ಕ್ಷಮೆ ಕೇಳುವ ಸಾಲೊಂದು ಕೊನೆಗಿತ್ತು. ಅದನ್ನು ತೆಗೆಸಿದೆ. ಕೇಳಿದರೆ ನೀವು ಕೊಟ್ಟುಬಿಡುವಂಥವರು, ಅದು ನನಗೆ ಗೊತ್ತು.

“ಇದನ್ನು ಓದಿ ಅವ್ರು ಬರದಿದ್ರೆ?” ಎಂದು ಕೇಳಿದಳು, ಕನ್ನಡದಲ್ಲೇ.

ಬರದಿದ್ದರೆ ಅದೂ ನಾನು ಮಾಡಿದ್ದೇ ಆಗುತ್ತದೆ. ಬಂದರೆ, ನಿಮ್ಮ ಮುಂದೆ ಯಾರೂ ಇರುವುದಿಲ್ಲ ಸರ್. ಈ ಸಲ ಪಕ್ಕಕ್ಕೆ ಸರಿಯದೆ, ನೀವು ನನ್ನನ್ನು ನೋಡುವಂಥ ಜಾಗದಲ್ಲಿ ನಿಂತಿರುತ್ತೇನೆ.

“ಈ ಸಾಲನ್ನೂ ಸೇರಿಸಿ ಕಳಿಸು,” ಎಂದಿದ್ದೇನೆ. ಅವಳು ಕಳಿಸುತ್ತಿದ್ದಾಳೆ.