ಮಧ್ಯಾಹ್ನ ಒಂದರವರೆಗೆ ನಾರ್ಮಲ್

ಹೋದ ವಾರ ಸೂರತ್ತಿನ ಅಡಾಜಣ್‌ನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ಟಿವಿ ಕೇಬಲ್‌ನವನು ಗೋಡೆಯ ಹಳೇ ಬೂಸ್ಟರ್ ಡಬ್ಬಿಯನ್ನು ಬಿಚ್ಚಿದ. ಒಳಗಿಂದ ಸುಟ್ಟ ಧೂಳು, ಕಾದ ಪ್ಲಾಸ್ಟಿಕ್, ಸತ್ತ ಹಲ್ಲಿ ಎಲ್ಲ ಸೇರಿದ ವಾಸನೆ ಬಂತು. ತರಕಾರಿ ಚೀಲ ಕೆಳಗಿಟ್ಟು ಮೂಗು ಮುಚ್ಚಿಕೊಂಡೆ. ಆ ವಾಸನೆಗೆ ನನಗೆ ಒಬ್ಬರ ನೆನಪಾಗುತ್ತದೆ. ಅದರ ಹಿಂದೆಯೇ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವರನ್ನು ಅಕ್ಕ ಅನ್ನುತ್ತಿದ್ದೆ. ಇದೇ ರಾಜ್ಯದ ಒಂದು ವಿಮಾನ ನಿಲ್ದಾಣದಲ್ಲಿ ಅವರು ಟವರ್‌ನ ಕಂಟ್ರೋಲರ್. ನಾನು ಕೆಳಗಿನ ಕೋಣೆಯಲ್ಲಿ ರೇಡಿಯೊ ಉಪಕರಣ ನೋಡಿಕೊಳ್ಳುವ ಹೊಸ ಟೆಕ್ನಿಷಿಯನ್, ಪ್ರೊಬೇಷನ್ ಕೂಡ ಮುಗಿದಿರಲಿಲ್ಲ. ಯಾವ ನಿಲ್ದಾಣ ಅಂತ ಹೇಳುವುದಿಲ್ಲ, ಅಲ್ಲಿ ಈಗಲೂ ನನ್ನಂಥವರಿದ್ದಾರೆ. ಅಕ್ಕ ಧಾರವಾಡದವರು, ನಾನು ಹಾಸನದವನು. ಕ್ವಾರ್ಟರ್ಸ್‌ನಲ್ಲಿ ಎದುರುಬದುರು ಮನೆ. ಭಾನುವಾರ ಬಂತೆಂದರೆ ನನಗೆ ಅವರಲ್ಲೇ ಜೋಳದ ರೊಟ್ಟಿ, ಎಣ್ಣೆಗಾಯಿ. "ಮುದ್ದಿ ನುಂಗಿ ಬೆಳದಾಂವಗ ರೊಟ್ಟಿ ಮುರಿಯೋದೂ ಕಲಿಸ್ಬೇಕಲ್ಲೋ ತಮ್ಮಾ" ಎಂದು ಛೇಡಿಸುತ್ತಿದ್ದರು. ಮನೆಯಲ್ಲಿ ಅವರ ಮಗ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದ. ಕನ್ನಡ ಆಡಲಿಕ್ಕಾದರೂ ನಾನು ಬೇಕಿತ್ತೋ ಏನೋ...

ನೆಲದ ಮೇಲೆ ಓಡಾಡುವ ವಿಮಾನಗಳಿಗೆ ಎಲ್ಲಿ ಹೋಗು, ಎಲ್ಲಿ ನಿಲ್ಲು ಎಂದು ರೇಡಿಯೊದಲ್ಲಿ ಹೇಳುವುದು ಅಕ್ಕನ ಕೆಲಸ. ಪೈಲಟ್ ಆ ಮಾತನ್ನು ಹಾಗೇ ತಿರುಗಿ ಒಪ್ಪಿಸಬೇಕು, ಅಕ್ಕ ಅದನ್ನು ಕೇಳಿಸಿಕೊಳ್ಳಬೇಕು. ಆ ಚಾನೆಲ್ ಸ್ವಚ್ಛವಾಗಿದೆಯೇ ಎಂದು ಗಂಟೆಗೊಮ್ಮೆ ಕಿವಿಗೊಟ್ಟು ಕೇಳಿ ಲಾಗ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ. ನಾವು ಕೇಳುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಬಂದು ಕುರ್ಚಿ ಎಳೆದುಕೊಂಡವರೇ ಮಧ್ಯಾಹ್ನ ಒಂದರ ಸಾಲಿನವರೆಗೂ 'ನಾರ್ಮಲ್, ನಾರ್ಮಲ್' ಎಂದು ಗೀಚಿ ಸಹಿ ಹಾಕಿಬಿಡುತ್ತಿದ್ದೆವು. ಆಮೇಲೆ ಚಹಾ, ಕಡಲೆಹಿಟ್ಟಿನ ಫಾಫಡಾ, ಹರಟೆ. ಇದನ್ನು ನನಗೆ ಮೊದಲ ದಿನವೇ ಕಲಿಸಿದವರು ನನ್ನ ಮೇಲಧಿಕಾರಿ. ಕೋಣೆಯಲ್ಲಿ ಯಾರಿಗೂ ಅದು ತಪ್ಪೆಂದೇ ಅನಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸರಿಯಾಗಿ ಒಂಬತ್ತರ ಹೊತ್ತಿಗೆ ಅಕ್ಕನ ಗ್ರೌಂಡ್ ಚಾನೆಲ್‌ನಲ್ಲಿ ಯಾವುದೋ ಭಜನೆ ನುಗ್ಗಿತು. ರನ್‌ವೇ ಮುಟ್ಟುವ ಮೊದಲೇ ನಿಲ್ಲು ಎಂದು ಅಕ್ಕ ಒಂದು ವಿಮಾನಕ್ಕೆ ಹೇಳಿದ್ದರು. ಪೈಲಟ್ ಏನು ಒಪ್ಪಿಸಿದನೋ, ತಾಳದ ಸದ್ದಿನಲ್ಲಿ ಮುಳುಗಿಹೋಯಿತು. ಇನ್ನೊಮ್ಮೆ ಹೇಳಿದರು, ಮತ್ತೆ ಭಜನೆ. ಅಷ್ಟರಲ್ಲಿ ವಿಮಾನ ನಿಲ್ಲಬೇಕಾದ ಗೆರೆ ದಾಟಿ ರನ್‌ವೇಗೆ ಬಂದಿತ್ತು. ಇಳಿಯಲು ಬರುತ್ತಿದ್ದ ಇನ್ನೊಂದು ವಿಮಾನವನ್ನು ಪಕ್ಕದ ಕಂಟ್ರೋಲರ್ ಕೊನೇ ಗಳಿಗೆಯಲ್ಲಿ ಮೇಲಕ್ಕೆ ಕಳಿಸಿದರು. ಯಾರಿಗೂ ಏನೂ ಆಗಲಿಲ್ಲ.

ಅರ್ಧ ಗಂಟೆಯೊಳಗೆ ಅಕ್ಕನನ್ನು ಕುರ್ಚಿಯಿಂದ ಎಬ್ಬಿಸಿದರು. ಅವರು ನೇರ ನಮ್ಮ ಕೋಣೆಗೆ ಬಂದರು.

"ತಮ್ಮಾ, ಚಾನೆಲ್‌ನ್ಯಾಗ ಭಜನಿ ಬರ್ಲಿಕ್ಕತ್ತಿತ್ತು. ನೀ ಕೇಳಿದಿಲ್ಲೋ?"

ನನ್ನ ಬಾಯಿ ತುಂಬ ಫಾಫಡಾ. ತಟ್ಟೆಯ ಪಕ್ಕದಲ್ಲಿ ಲಾಗ್‌ಬುಕ್ ತೆರೆದೇ ಇತ್ತು. ಅಕ್ಕ ಅದರತ್ತ ಒಮ್ಮೆ ನೋಡಿ ಹೋದರು.

ವಿಚಾರಣೆಯಲ್ಲಿ ಅಕ್ಕ ಭಜನೆಯ ವಿಷಯ ಹೇಳಿದರು. ರೇಡಿಯೊ ಮಾತು ದಾಖಲಾಗುವ ಟೇಪಿನಲ್ಲಿ ಬರೀ ಗೊರಗೊರ, ಅದು ಅವರ ಹೆಡ್‌ಸೆಟ್ಟಿನ ದೋಷವೂ ಇರಬಹುದು ಅಂದರು ಸಮಿತಿಯವರು. ಹಾಗಾಗಿ ತೀರ್ಮಾನವೆಲ್ಲ ನನ್ನ ಲಾಗ್‌ಬುಕ್ಕಿನ ಮೇಲೆ ನಿಂತಿತು. ಹಿಂದಿನ ದಿನವೇ ಮೇಲಧಿಕಾರಿ ನನ್ನ ಬೆನ್ನು ತಟ್ಟಿ, "ಜವಾ ದೋ ನೆ ಭಾಯ್, ಬುಕ್ ಮೇ ನಾರ್ಮಲ್ ಹೈ, ತೋ ನಾರ್ಮಲ್ ಹೈ", ಬಿಟ್ಟುಬಿಡು, ಪುಸ್ತಕದಲ್ಲಿ ನಾರ್ಮಲ್ ಇದ್ದರೆ ನಾರ್ಮಲ್ಲೇ, ಎಂದಿದ್ದರು. ಒಂಬತ್ತು ಗಂಟೆಗೆ ಚಾನೆಲ್ ನೀವೇ ಕೇಳಿದಿರಾ ಎಂದು ಸಮಿತಿ ನನ್ನನ್ನು ಕೇಳಿತು. ಕೇಳಿದೆ ಸರ್, ಸ್ವಚ್ಛವಾಗಿತ್ತು, ಅಂದೆ. ಅಕ್ಕ ಎದುರಿಗೇ ಕೂತಿದ್ದರು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಏನೆಂದು ಪುಸ್ತಕ ಓದಿ ತಿಳಿಯಬೇಕಾಗಿಲ್ಲ, ನನ್ನನ್ನು ನೋಡಿದರೆ ಸಾಕು.

ಅಕ್ಕನನ್ನು ಮೈಕಿನಿಂದ ದೂರ ಮಾಡಿ ವಡೋದರಾದ ಒಂದು ಕಚೇರಿಗೆ, ಕಡತ ಜೋಡಿಸುವ ಕೆಲಸಕ್ಕೆ ಹಾಕಿದರು. ಮೂರು ವಾರದ ಮೇಲೆ ಮತ್ತೆ ಭಜನೆ ಬಂತು. ತರಂಗ ಹುಡುಕುವ ವ್ಯಾನಿನವರ ಜೊತೆ ನಾನೂ ಹೋದೆ. ನಿಲ್ದಾಣದ ಕಾಂಪೌಂಡ್ ಗೋಡೆಯಾಚೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ, ಮೂತ್ರದ ನಾತದ ಮೂಲೆಯಲ್ಲಿ ಟಿವಿ ಕೇಬಲ್‌ನ ಬೂಸ್ಟರ್ ಸಿಕ್ಕಿತು, ಟಿವಿಯ ಭಜನೆ ಅದರಿಂದ ಸೋರಿ ನಮ್ಮ ಚಾನೆಲ್‌ಗೆ ನುಗ್ಗುತ್ತಿತ್ತು. ಮುಚ್ಚಳವಿಲ್ಲ, ತಂತಿಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿದ್ದರು, ಒಳಗೆ ಹಲ್ಲಿ ಬೆಂದು ಅಂಟಿತ್ತು. ಸೊಸೈಟಿಯ ಚೇರ್‌ಮನ್ನರು ಹಲ್ಲು ಚುಚ್ಚಿಕೊಳ್ಳುತ್ತಾ, ಬೆಳಗಿನ ಭಜನೆ ನಿಂತರೆ ಹೆಂಗಸರು ಜಗಳಕ್ಕೆ ಬರುತ್ತಾರೆ ಅಂದರು. ಈಗಲಾದರೂ ಅಕ್ಕನ ಕಡತ ತೆರೆಯಬಹುದಲ್ಲ ಎಂದು ನಾನು ಮೇಲಧಿಕಾರಿಯನ್ನು ಮೆಲ್ಲಗೆ ಕೇಳಿದೆ. ಅವತ್ತು ಈ ಡಬ್ಬಿ ಸರಿಯಿತ್ತು, ನೀನೇ ಬರೆದಿದ್ದೀಯಲ್ಲ, ಅಂದುಬಿಟ್ಟರು. ಥೂ, ಮುಖಕ್ಕೆ ಉಗಿಯಬೇಕಿತ್ತು. ಯಾರ ಮುಖಕ್ಕೆ ಅಂತ ನಿರ್ಧಾರವಾಗದೆ ಸುಮ್ಮನಾದೆ.

ಹನ್ನೆರಡು ವರ್ಷ ಅವರೆದುರು ಹೋಗಲಿಲ್ಲ. ಆಮೇಲೆ ಅವರು ಅಹಮದಾಬಾದಿನ ಮಣಿನಗರದಲ್ಲಿದ್ದಾರೆ, ಆರೋಗ್ಯ ಸರಿಯಿಲ್ಲ ಎಂದು ಗೊತ್ತಾಗಿ ಹೋದೆ. ತೀರಾ ಸೊರಗಿದ್ದರು. ಎಲ್ಲ ಹೇಳಿದೆ. ಅಳಬೇಕೆಂದಿದ್ದೆ, ಅವರು ಅದಕ್ಕೂ ಅವಕಾಶ ಕೊಡಲಿಲ್ಲ.

"ಗೊತ್ತದ. ಒಂಬತ್ತೂವರಿಗೆ ನಾ ಕೆಳಗ ಬಂದಾಗ ನಿನ್ನ ಬುಕ್ಕಿನ್ಯಾಗ ಒಂದು ಗಂಟಿ ತನಕಾ ನಾರ್ಮಲ್ ಇತ್ತು."

"ಮತ್ತೆ ನೀವು ಸಮಿತಿ ಮುಂದೆ ಯಾಕೆ ಹೇಳಲಿಲ್ಲ ಅಕ್ಕ?"

"ಪ್ರೊಬೇಷನ್‌ನ್ಯಾಗಿದ್ದಿ. ನಾ ಹೇಳಿದ್ರ ನಿನ್ನ ನೌಕರಿ ಹೋಗ್ತಿತ್ತು. ನೀನ ಹೇಳ್ತಿ ಅಂತ ಕಾದೆ. ಈಗರೆ ಬರದು ಕೊಡು. ರೊಕ್ಕ ಬ್ಯಾಡ, ಹುದ್ದೆ ಬ್ಯಾಡ. ತಪ್ಪು ನಂದಲ್ಲಂತ ಒಂದು ಹಾಳಿ ಇರ್ಲಿ" ಅಂದರು.

ಆಯ್ತು ಅಕ್ಕ, ಈ ವಾರವೇ ಬರೀತೀನಿ, ಅಂದೆ. ಸೂರತ್ತಿಗೆ ವಾಪಸು ಬರುವಾಗ ರೈಲಿನಲ್ಲೇ ಕರಡು ಮಾಡಿದೆ. ಆದರೆ ಆ ತಿಂಗಳು ಪ್ರಮೋಷನ್ ಪಟ್ಟಿ ಬರುವುದಿತ್ತು. ಬರಲಿ, ಆಮೇಲೆ ಕಳಿಸಿದರಾಯಿತು ಎಂದುಕೊಂಡೆ. ಪಟ್ಟಿ ಎರಡು ತಿಂಗಳು ತಡವಾಯಿತು. ಅಕ್ಕ ಅಷ್ಟು ದಿನ ಇರಲಿಲ್ಲ...

ಈಗ ನಾನು ಮೇಲಧಿಕಾರಿ. ಲಾಗ್‌ಬುಕ್ ಹೋಗಿ ಕಂಪ್ಯೂಟರ್ ಬಂದಿದೆ. ಕರಡು ಬೀರುವಿನಲ್ಲಿದೆ, ಆಗಾಗ ತೆಗೆದು ಓದುತ್ತೇನೆ. ಭಾಷೆ ಚೆನ್ನಾಗಿದೆ. ಕೆಳಗೆ ಇನ್ನೂ ಸಹಿ ಹಾಕಿಲ್ಲ.